ಲೆಕ್ಕಕ್ಕೆ ಬಾರದ ಮೈಲಿ

ಡೆಮಿಂಗ್ ಊರಲ್ಲಿ ರೊಸೆಂಡೊ ನನ್ನ ಕೈ ಹಿಡಿದು
ಟೈರಿನ ಮೇಲಿಟ್ಟ.
ಹೊರಗಿನಿಂದ ಒಳಕ್ಕೆ ಸವರಿ, ಅಂದ. ನುಣುಪು,
ಬೆಕ್ಕಿನ ಬೆನ್ನು.
ಈಗ ಒಳಗಿನಿಂದ ಹೊರಕ್ಕೆ.
ತುರಿಮಣೆ.

ಎಂಟುನೂರು ಮೈಲಿ, ಬಸ್ಸಿನಂಥ ನಮ್ಮ ಮನೆಯ
ಬಾಲ ಹಿಡಿದು ಬಂದ ಕಾರು.
ಇಂಜಿನ್ನು ಒಮ್ಮೆ ಕೆಮ್ಮಿಲ್ಲ, ಮೀಟರಿನಲ್ಲಿ
ಒಂದು ಮೈಲಿ ಏರಿಲ್ಲ.
ಲೆಕ್ಕಕ್ಕೇ ಬಾರದೆ ಸವೆದಿದೆ.

ಅಕ್ಕ ವಾರಿಜ ಪಾಠ ಒಪ್ಪಿಸಿದಳು, ಮೂವತ್ತು ವರ್ಷ
ರಕ್ತದ ಸೀಸೆಗಳಿಗೆ ಚೀಟಿ ಅಂಟಿಸಿದವಳು:
ಗಾಳಿ ಬೆಳಿಗ್ಗೆಯೇ ನೋಡಿದ್ದೇನೆ, ಟೈರು ತಣ್ಣಗಿರುವಾಗ.
ಗೇರು ನ್ಯೂಟ್ರಲ್. ಸ್ಟೇರಿಂಗಿನ ಬೀಗ ಬಿಡಿಸಿ
ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದ್ದೇನೆ.
ಎಳೆಯುವ ಸರಳು ಮಟ್ಟಸವಾಗಿದೆ. ರಸಮಟ್ಟ ಇಟ್ಟೇ ನೋಡಿದೆ.

ರೊಸೆಂಡೊ ತಲೆಯಾಡಿಸುತ್ತ ಬಗ್ಗಿದ.
ಮುಂದಿನ ಎಡಗಾಲಿಯ ಅಂಚಿನ
ತರಚುಗಾಯಕ್ಕೆ ಟಾರ್ಚು ಬಿಟ್ಟ.
ಯಾರೋ ರಿವರ್ಸ್ ತೆಗೆದಿದ್ದಾರೆ, ಅಂದ.

ನಾನು ಅವನ ನಾಯಿಯನ್ನು ನೋಡಿದೆ.

ಹೀಲಾ ಬೆಂಡಿನ ಪೆಟ್ರೋಲ್ ಬಂಕು. ಅಕ್ಕ ಕಾಫಿ ತರಲು ಹೋಗಿದ್ದಳು.
ಎದುರಿಗೆ ಹಾಲಿನ ಲಾರಿ. ಹನ್ನೆರಡೇ ಅಡಿ
ಹಿಂದಕ್ಕೆ ಹೋದರೆ ಏನು ಮಹಾ, ಎಂದುಕೊಂಡೆ.
ಎಳೆದರೆ ಬರುವ ಗಾಲಿ, ತಳ್ಳಿದರೆ
ಹಟ ಹಿಡಿದ ಕರುವಿನ ಹಾಗೆ ಅಡ್ಡ ತಿರುಗಿ
ಕಾಂಕ್ರೀಟಿನ ಮೇಲೆ ಕಿರ್ರೆಂದು ಕಪ್ಪಗೆ ಗೀರಿತು.
ರೇಡಿಯೊ ಜೋರು ಮಾಡಿದ್ದೆ.

ನಾನೇ, ಅಂದೆ.
ಅವಳು ಬಯ್ಯಲಿಲ್ಲ. ಕನ್ನಡಕ ಒರೆಸಿಕೊಂಡು
ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಳು.
ಅವಳ ಬೈಗುಳವೇ ಅದು.

ರೊಸೆಂಡೊ ಅಡಿಗೆ ಮಲಗಿ ತಿರುಪು ತಿರುಗಿಸಿದ,
ಕಾಲು ಸುತ್ತು, ಆಮೇಲೆ ಇನ್ನೊಂದು ಕೂದಲೆಳೆ.
ಒಂದರ ಕಡೆಗೊಂದು ಮೂಗು ಚಾಚಿದ್ದ ಗಾಲಿಗಳು
ನೆಟ್ಟಗೆ ನಿಂತವು.
ಮುಂದಿನವು ಹಿಂದಕ್ಕೆ, ಹಿಂದಿನವು ಮುಂದಕ್ಕೆ.
ಹೋದ ರಬ್ಬರು ಹೋಯಿತು, ಅಂದ. ದುಡ್ಡು ಎಣಿಸಿಕೊಂಡ.

ಸಂಜೆ ಲಾಸ್ ಕ್ರೂಸಸ್‌ನಲ್ಲಿ ತಿರುವು ತಪ್ಪಿ
ಯಾವುದೋ ಚರ್ಚಿನ ಅಂಗಳ ಹೊಕ್ಕೆವು. ಮುಂದೆ ಗೋಡೆ.
ನನ್ನ ಕೈ ಗೇರಿನ ಮೇಲಿತ್ತು.
ಅವಳಾಗಲೇ ಇಳಿದಿದ್ದಳು.
ಪಿನ್ನು ಕಿತ್ತೆವು, ಸರಪಳಿ ಬಿಚ್ಚಿದೆವು, ದೀಪದ ವೈರು ಬಿಡಿಸಿದೆವು.
ಕಾರು ಕೆಮ್ಮಿ ಎದ್ದಿತು.
ವಾರಿಜ ಅದನ್ನು ಬೀದಿಯವರೆಗೆ ಓಡಿಸಿಕೊಂಡು ಹೋದಳು,
ನಲವತ್ತು ಗಜ,
ಹಿಂದೆ ಮುಂದೆ ಯಾರಿಲ್ಲದಿದ್ದರೂ ಇಂಡಿಕೇಟರ್ ಹಾಕಿ.
ಮೀಟರು ಆಗಲೂ ಕದಲಲಿಲ್ಲ.