ಉಗುರು ತೆಗೆಯುವ ಭಾನುವಾರ

ಕಾಳಾಚೌಕಿಯ ಯೂನಿಯನ್ ಆಫೀಸಿಗೆ
ಚಹಾ ಒಯ್ಯುತ್ತಿದ್ದ ಹುಡುಗ ನಾನು.
ಹೋಟೆಲಿಗೆ ಶೇಠ್ ಬಂದರೆ ಸಲಾಮು:
ಬೆನ್ನು ಬಾಗಿ, ಅಂಗೈ ಹಣೆಗೆ, ಕಣ್ಣು ಅವನ ಚಪ್ಪಲಿಗೆ.
ಇಲ್ಲೂ ಅದೇ ಸಲಾಮು, ಮುಂದೊಂದು ಕೆಂಪು ಅಂಟಿಸಿದ್ದರು.
ಬಾಗಬೇಡ, ಅಂದರು ಪೆಡಣೇಕರ್, ಮುಷ್ಟಿ ಎತ್ತು.
ಎರಡು ಕೈಲೂ ಗಾಜಿನ ಲೋಟ, ಒಟ್ಟು ಒಂಬತ್ತು.
ಹುಬ್ಬು ಎತ್ತಿದೆ.
ಅದೂ ನಡೆಯುತ್ತೆ ಎಂದು ನಕ್ಕರು,
ಮೀಸೆಯ ತುಂಬ ಹತ್ತಿಯ ಎಳೆ.

ನಿಮ್ಮ ಕುಂದಾಪುರದಲ್ಲಿ ಏನಂತೀರೋ, ಕೇಳಿದ್ದರು ಒಮ್ಮೆ.
ಕೈಮುಗಿಯೋದು ದೈವಕ್ಕೆ, ಒಡೆಯರಿಗೆ;
ನಮ್ಮ ನಮ್ಮೊಳಗೆ 'ಉಂಡ್ಯಾ?' ಅಷ್ಟೇ.
ಅರ್ಥ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು.
ಮುಷ್ಕರದ ಎಂಟನೇ ತಿಂಗಳು ಅದು.

ಚಾಳಿನ ಮೆಟ್ಟಿಲಲ್ಲಿ ಲಹಾನು ಗಾಂಗುರ್ಡೆ ಎದುರಾದರೆ
ಅವನು 'ಜೈ ಭೀಮ್', ಇವರು 'ಲಾಲ್ ಸಲಾಮ್'.
ಇಪ್ಪತ್ತೆರಡು ವರ್ಷ, ಒಂದೇ ನಲ್ಲಿ, ಒಂದೇ ಕಕ್ಕಸಿನ ಸಾಲು,
ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬರಲಿಲ್ಲ.
ನೇಯುವ ಖಾತೆಗೆ ಲಹಾನುವಿನ ಅಪ್ಪನನ್ನು ಬಿಟ್ಟಿರಲಿಲ್ಲ:
ನೂಲನ್ನು ಬಾಯಿಂದ ಹೀರಿ ಎಳೆಯಬೇಕು, ಎಂಜಲಾಗುತ್ತದಂತೆ.
ಆಗ ನಿಮ್ಮ ಕೆಂಪು ಎಲ್ಲಿತ್ತು? ಕೇಳುತ್ತಿದ್ದ.
ಪೆಡಣೇಕರರ ಬಳಿ ಉತ್ತರವಿತ್ತು,
ಉದ್ದದ್ದು.

ಈಗ ಲಕ್ವ. ಬಲಗೈ ಮುಷ್ಟಿ ಕಟ್ಟಿದ್ದು ಬಿಚ್ಚುತ್ತಿಲ್ಲ.
ನೋಡಲು ಬಂದ ಹಳಬರು ಕಣ್ಣೊರೆಸಿಕೊಳ್ಳುತ್ತಾರೆ:
ನೋಡಿ, ಇನ್ನೂ ಇಳಿಸಿಲ್ಲ!
ಸುಲಭಾಬಾಯಿ ಗದರುತ್ತಾಳೆ:
ಉಗುರು ಬೆಳೆದು ಅಂಗೈ ಕೊರೀತಿದೆ, ಸಲಾಮಂತೆ.
ಎಣ್ಣೆ ತಾ.
ಭಾನುವಾರ ನಾನು ಒಂದೊಂದೇ ಬೆರಳು ಬಿಡಿಸುತ್ತೇನೆ.
ಒಳಗೆ ಬಿಳಿಚಿದ ಚರ್ಮ, ಒಣಗದ ಬಟ್ಟೆಯ ವಾಸನೆ,
ನಾಲ್ಕು ಅರ್ಧಚಂದ್ರ ಗಾಯ.

ಮೊನ್ನೆ ಲಹಾನು ಬಂದ. ಊರುಗೋಲು ಬಾಗಿಲಿಗೊರಗಿಸಿ,
ಮಂಚದ ತುದಿಯಲ್ಲಿ ಕೂತು, ಯಾರಿಗೂ ಕೇಳಬಾರದೆಂಬಂತೆ:
'ಲಾಲ್ ಸಲಾಮ್, ಶಾಂತಾರಾಮ್.'
ಓರೆ ಬಾಯಿ ಒದ್ದಾಡಿತು. 'ಭೀ' ಅಂದಿತು.
ಭೀಮನೋ, 'ನೀನೂ' ಎನ್ನುವ ಬಂಬಯಿ ಹಿಂದಿಯ ಭೀಯೋ,
ಬರೀ ಉಸಿರೋ.
ಲಹಾನು ತಲೆಯಾಡಿಸಿದ,
ಬಾಕಿ ಚುಕ್ತಾ ಆದವನ ಹಾಗೆ ಅಲ್ಲ,
ಕಂತು ಬಂತು ಎನ್ನುವ ಹಾಗೆ.

ನನ್ನ ಕೈಲಿ ಉಗುರುಕತ್ತರಿ. ಬಿಡಿಸಿದ ಬೆರಳೆಲ್ಲ
ಆಗಲೇ ಮಡಚಿಕೊಳ್ಳುತ್ತಿದ್ದವು, ಕಿರುಬೆರಳೊಂದು ಉಳಿದಿತ್ತು.
ಉಂಡ್ರಾ? ಎಂದೆ, ಇಬ್ಬರಿಗೂ ಸೇರಿಸಿ, ಕನ್ನಡದಲ್ಲೇ.
ಒಳಗಿಂದ ಸುಲಭಾಬಾಯಿ:
ಏನಂದೆ?