ಒಣ ತಟ್ಟು

ಹತ್ತಕ್ಕೆ ಹಾಜರಿ. ರುಜು ಬಾರದವರದು ಹೆಬ್ಬೆಟ್ಟು.
ಜಗಳೂರಿನ ಆ ಸಭಾಂಗಣದ ಪರದೆ ಮೇಲೆ
ಬೆಳ್ಳನೆ ಕೈಗವಸು, ಯಾವುದೋ ಊರಿನ
ಸ್ಟೀಲಿನ ಅಡುಗೆಮನೆ, ತಿರುಗಿಸಿದರೆ ನೀರು.

ನಮ್ಮಲ್ಲಿರುವುದು ಒಂದು ಡ್ರಮ್ಮು, ಒಂದು ಚೊಂಬು
ಎಂದು ನಾನು ಹೇಳಲಿಲ್ಲ.
ಬಿಸ್ಕತ್ತು ಕೊಟ್ಟರು, ತಿಂದೆ.

ಮಧ್ಯಾಹ್ನ, ಹೊಸದಾಗಿ ಬಂದ ಮೇಡಂ
ಯಂತ್ರ ಆರಿಸಿ ಕೇಳಿದಳು:
'ಸಾರಿನ ಬೋಗುಣಿ ಇಳಿಸೋದು ಹೆಂಗೆ,
ಯಾರಾದ್ರೂ ತೋರಿಸ್ರವ್ವಾ.'

ಏಳು ವರ್ಷದಲ್ಲಿ ಯಾರೂ ಕೇಳಿರದ ಮಾತು.

ಬಿದರಕೆರೆಯ ಕಾಟಮ್ಮ ಎದ್ದಳು,
ಸೆರಗು ಸೊಂಟಕ್ಕೆ ಸಿಕ್ಕಿಸಿದಳು,
ಪ್ಲಾಸ್ಟಿಕ್ ಕುರ್ಚಿಯೊಂದನ್ನು ಮೇಜಿಗೇರಿಸಿದಳು.
ಕುರ್ಚಿಗೆ ಎರಡು ತೋಳು, ಬೋಗುಣಿಗೆ ಎರಡು ಹಿಡಿ.
'ಒಬ್ಬಳೇ ಮುಟ್ಟಬಾರದು.
ಗೋಣಿತಟ್ಟು ಒಣಗಿರ್ಬೇಕು, ಒದ್ದೆಯಾದ್ರೆ
ಹಬೆ ಸೀದಾ ಕೈಗೆ ಬರ್ತೈತೆ.
ಮೊದ್ಲು ದಾರಿಯಾಗಿನ ಹುಡುಗ್ರನ್ನ ಓಡ್ಸು,
ಆಮೇಲೆ ಉಸಿರು. ಆಮೇಲೆ ಎತ್ತು.'
ಆಚೆ ಹಿಡಿಗೆ ನನ್ನ ಕರೆದಳು.

ಎತ್ತಿದೆವು, ಗಾಳಿತೂಕದ ಕುರ್ಚಿಯನ್ನು,
ಮಂಡಿ ಮಡಚಿ, ಬೆನ್ನು ಬಾಗಿಸದೆ,
ನೂರಿಪ್ಪತ್ತು ಮಕ್ಕಳ ಸಾರು ತುಳುಕದ ಹಾಗೆ.
ಯಾರೂ ನಗಲಿಲ್ಲ.

ಆಗ ಕಂಡಿತು ಅವಳ ತೋಳು:
ಮೊಣಕೈಯಿಂದ ಬೆರಳಿನ ತನಕ
ಆರಿದ ಹಾಲಿನ ಕೆನೆಯಂತೆ ಸುಕ್ಕಿದ ಚರ್ಮ.
'ಮೊದಲ್ನೇ ವರ್ಷದ್ದು' ಅಂದಳು, ಅಷ್ಟೇ.

ಮೇಡಂ ನೋಟುಬುಕ್ಕು ಬಿಚ್ಚಿದಳು.
ಪೆನ್ನು ತಡೆದಲ್ಲೆಲ್ಲ ಕಾಟಮ್ಮ ನಿಂತು,
ಒಂದನೇ ಕ್ಲಾಸಿಗೆ ಹೇಳುವಂತೆ, ಇನ್ನೊಮ್ಮೆ:
ಇಬ್ಬರು. ಒಣ ತಟ್ಟು.
'ಬರಕಂಡ್ರಾ?'

ನಾಲ್ಕೂವರೆಯ ಬಸ್ಸು ತಪ್ಪಿತು.
ಕಾಯುವಾಗಲೂ ನಾವು ಕೆಲವರು
ಖಾಲಿ ಕೈಗಳನ್ನು ಎತ್ತಿ ಇಳಿಸುತ್ತಿದ್ದೆವು.