ಮುಲ್ಕಿಯಾ

ಅಂಗಡಿ ಮುಚ್ಚಿದ ದಿನ ನನಗೆ ಬರಬೇಕಾದ್ದು
ಮೂರು ತಿಂಗಳ ಸಂಬಳ.
ಕೈಯಲ್ಲಿ ದುಡ್ಡಿಲ್ಲ, ಬೋಟಿದೆ, ಅಂದರು ಧಣಿ,
ಟಾರ್ಪಾಲು ಸರಿಸಿ.
ಬಿಸಿಲಿಗೆ ಬೆಳ್ಳಗಾದ ಹಳದಿ, ಹದಿನಾಲ್ಕು ಅಡಿ,
ಸೀಟಿನ ಹರುಕಿನಲ್ಲಿ ಸ್ಪಂಜು, ಸ್ಪಂಜಿನಲ್ಲಿ ಇರುವೆ.
ಹದಿನೇಳು ವರ್ಷ ಆ ಅಂಗಡಿಯ ಲೆಕ್ಕ ಬರೆದವಳು,
ಇಂಪೆಲ್ಲರ್, ಗ್ಯಾಸ್ಕೆಟ್, ವೇರ್ ರಿಂಗು,
ಎಲ್ಲದರ ಬೆಲೆಯೂ ಬಾಯಿಪಾಠ.
ಎಲ್ಲಿ ಕೂರುತ್ತವೆಂದು ಮಾತ್ರ ಗೊತ್ತಿರಲಿಲ್ಲ.

ನೋಂದಣಿ ಕಾಗದಕ್ಕೆ ಇಲ್ಲಿ ಮುಲ್ಕಿಯಾ ಅನ್ನುತ್ತಾರೆ.
ಕೌಂಟರಿನ ಹುಡುಗಿ ಆ ಮಾತು ಆಡಿದಾಗಲೆಲ್ಲ
ಮಂಗಳೂರು ಬಸ್ಸಿನ ಕಂಡಕ್ಟರು
ಮುಲ್ಕಿ, ಮುಲ್ಕಿ, ಇಳೀರಿ ಬೇಗ
ಎಂದು ಬಾಗಿಲು ಬಡಿದಂತಾಗಿ ನಕ್ಕೆ.
ಅವಳು ಪಾಸ್‌ಪೋರ್ಟಿನ ಫೋಟೊ ಮತ್ತೊಮ್ಮೆ ನೋಡಿದಳು.

ಕಲಿಸಿದವ ಪೀರ್‌ಬಖ್ಷ್, ಗ್ವಾದರಿನ ಮುದುಕ.
ಇದಕ್ಕೆ ಚುಕ್ಕಾಣಿಯಿಲ್ಲ, ಹೊರಗೆ ಫ್ಯಾನಿಲ್ಲ,
ಹೊಟ್ಟೆಯಡಿ ನೀರು ಕುಡಿದು ಹಿಂದೆ ಉಗಿಯುತ್ತದೆ.
ಉಗಿಯುವಷ್ಟು ಹೊತ್ತು ನಿನ್ನ ಮಾತು ಕೇಳುತ್ತದೆ.
ಅರ್ಧ ಹಿಂದಿ, ಅರ್ಧ ಕೈಸನ್ನೆ.
ತಲೆಯಾಡಿಸಿದೆ, ಆಡಿಟರ ಮುಂದೆ ಆಡಿಸುವ ಹಾಗೆ.

ಮೊದಲ ಶುಕ್ರವಾರ. ಉಮ್ಮುಲ್ ಕುವೈನಿನ ಹಿನ್ನೀರು
ಇಸ್ತ್ರಿ ಮಾಡಿಟ್ಟ ಹಾಗೆ ಮಲಗಿತ್ತು.
ಎದುರಿಗೆ ಬಲೆಯ ಬುರುಡೆಗಳ ಸಾಲು.
ಹೆದರಿ ಕೈ ಬಿಟ್ಟೆ,
ಯಾರೇ ಆದರೂ ಬಿಡುತ್ತಾರೆ.
ಸದ್ದು ಅಡಗಿತು. ಸ್ಟೇರಿಂಗ್ ತಿರುಗಿಸಿದೆ,
ಎಡಕ್ಕೆ, ಇನ್ನೂ ಎಡಕ್ಕೆ.
ಬೋಟು ಕಿವುಡಾಗಿ ನೆಟ್ಟಗೆ ಹೊರಟಿತ್ತು.
ಗ್ಯಾಸ್ ಕೊಡು! ದಡದಿಂದ ಮುದುಕನ ಕೂಗು.
ಯಾವುದರಿಂದ ತಪ್ಪಿಸಿಕೊಳ್ಳಬೇಕೋ
ಅದರ ಮುಂದೆಯೇ ವೇಗ ಹೆಚ್ಚಿಸಬೇಕಂತೆ!
ಕೊಟ್ಟೆ. ಕಣ್ಣು ಮುಚ್ಚಿಕೊಂಡೇ ಕೊಟ್ಟೆ.
ಹಿಂಬದಿ ಜಾರಿತು, ಆಕಾಶ ಓರೆಯಾಯಿತು,
ಬಾಯಿ ತುಂಬ ಉಪ್ಪು.
ಕಡೆಯ ಬುರುಡೆ ಒಂದು ಮೊಳದಾಚೆ
ತಲೆ ತೂಗುತ್ತ ಉಳಿಯಿತು.

ಕೆಲವು ವಾರ ಅಲ್ಮಾಝ್ ಬರುತ್ತಾಳೆ, ರೂಮಿನ ಗೆಳತಿ,
ಕಡಲೇ ಇಲ್ಲದ ದೇಶದವಳು.
ಲೈಫ್ ಜಾಕೆಟ್ಟಿನ ಮೂರೂ ಬಕಲ್ ಹಾಕಿ,
ಎಳೆದು ನೋಡಿ, ಆಮೇಲೆಯೇ ನಗುವುದು.
ಕಾಂಡ್ಲಾ ಗಿಡಗಳ ನಡುವೆ ದೊಡ್ಡ ಬೋಟು ಬಾರದ ಕಡೆ
ನಮ್ಮದು ಹೊಟ್ಟೆ ಎಳೆದುಕೊಂಡು ತೂರುತ್ತದೆ.
ರಾಜಹಂಸ ಕಂಡರೆ ಎಂಜಿನ್ ಆರಿಸಿ
ಬುತ್ತಿ ಬಿಚ್ಚುತ್ತೇವೆ.
ನನ್ನ ನೀರುದೋಸೆ ಅವಳ ಇಂಜೆರಾದ
ಬಡ ನೆಂಟನಂತೆ.

ಒಂದು ಸಂಜೆ ಎಂಜಿನ್ ಕಿರುಚಿತು, ಬೋಟು ಕದಲಲಿಲ್ಲ.
ಚೂಡಿದಾರದಲ್ಲೇ ಇಳಿದೆ, ಸೊಂಟಮಟ್ಟ ನೀರು,
ಕೀಲಿ ಹಲ್ಲಲ್ಲಿ ಕಚ್ಚಿ,
ಕರು ಅಡ್ಡ ಬಂದಾಗ ಕೈ ಹಾಕುವ ಹಾಗೆ
ಕೆಳಗಿನ ಜಾಲರಿಯೊಳಗೆ ಬೆರಳು ತೂರಿಸಿ ಎಳೆದೆ:
ಪಾಚಿ, ಪಾಚಿ, ನೈಲಾನ್ ಹಗ್ಗ,
ಯಾರದೋ ಬೂಟಿನ ಲೇಸು.
ಮಸೀದಿಯ ಕರೆ ನೀರ ಮೇಲೆ ನಡೆದು ಬಂತು.
ಅಲ್ಮಾಝ್ ಬಗ್ಗಿ ಮೊಬೈಲಿನ ಬೆಳಕು ಹಿಡಿದಳು,
ನಡುಗದೆ.

ದಡಕ್ಕೆ ತಂದ ಮೇಲೆ ಸಿಹಿನೀರು ಕುಡಿಸಬೇಕು.
ಎಂಜಿನ್ ಮೊದಲು, ನೀರು ಆಮೇಲೆ;
ನಿಲ್ಲಿಸುವಾಗ ನೀರು ಮೊದಲು, ಎಂಜಿನ್ ಆಮೇಲೆ.
ತಪ್ಪಿದರೆ ಎದೆಯೊಳಗೆ ನೀರು ಹೊಕ್ಕು ಸಾಯುತ್ತದೆ.
ವಾಚ್‌ಮನ್ ಹುಡುಗ ಪೈಪು ಹಿಡಿದು
ಬಂಗಾಳಿಯಲ್ಲಿ ತೊಂಬತ್ತು ಎಣಿಸುತ್ತಾನೆ,
ಎಪ್ಪತ್ತರ ಹತ್ತಿರ ಸದಾ ತಪ್ಪುತ್ತಾನೆ.

ಪೆಟ್ರೋಲು, ಟ್ರೇಲರ್ ಬಾಡಿಗೆ, ವಿಮೆ, ಹೊಸ ಬ್ಯಾಟರಿ.
ಮಾರಿದರೆ ಒಂದು ತಿಂಗಳ ಸಂಬಳವೂ ಹುಟ್ಟದು.
ಲೆಕ್ಕ ನನಗೆ ಬರುತ್ತದೆ.
ಈಗ ಖರ್ಜೂರದ ಕಂಪನಿಯಲ್ಲಿ ಬರೆಯುತ್ತೇನೆ.
ಹಳೆಯ ಡೈರಿಯಲ್ಲಿ ಮಾತ್ರ
'ಬರಬೇಕಾದ್ದು, ಮೂರು ತಿಂಗಳು' ಎಂಬ ಸಾಲು ಹಾಗೇ ಇದೆ.
ಹೊಡೆದು ಹಾಕೋಣವೆಂದು ಪೆನ್ನು ತೆಗೆದರೆ
ಉಗುರ ಸಂದಿಯ ಗ್ರೀಸು
ಪುಟಕ್ಕೆ ಹತ್ತುತ್ತದೆ.